ಒಳಗಿನ ಬಿಳಿ ಮಣ್ಣು

ಒದ್ದೆ ಶೇಡಿ ಮಣ್ಣಿನ ವಾಸನೆ ನಿಮಗೆ ಗೊತ್ತುಂಟೋ ಇಲ್ಲವೋ. ನಾವು ಗೋಡೆಗೆ ಬಳಿಯುತ್ತಿದ್ದ ಬಿಳಿ ಮಣ್ಣು ಅದು; ಈಗ ಎಲ್ಲ ಡಬ್ಬಿಯ ಪೇಂಟು, ಗೊತ್ತಿರಲಿಕ್ಕಿಲ್ಲ. ಹಳೆಯ ಬಾವಿಯೊಳಗೆ ತಲೆ ಹಾಕಿದರೆ ಬರುವಂಥ ತಣ್ಣನೆಯ ವಾಸನೆ. ಹೋದ ವಾರ ನಾನು ಗಂಜಿ ಉಣ್ಣುತ್ತಿದ್ದೆ. ಮೊಮ್ಮಗಳು ಅಶ್ವಿತಾ ಕಾಲೇಜಿನಿಂದ ಬಂದವಳು ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಬಿಚ್ಚಿದಳು. ಅದೇ ವಾಸನೆ. ಎತ್ತಿದ ತುತ್ತನ್ನು ಬಟ್ಟಲಿಗೇ ಹಾಕಿದೆ.

ಅವಳು ಓದುವುದು ಕಲ್ಲು, ಮಣ್ಣು. ಕಲ್ಲು ಹೆಕ್ಕಲಿಕ್ಕೂ ಫೀಸು ಕಟ್ಟಬೇಕಾ ಎಂದು ಒಮ್ಮೆ ಕೇಳಿದ್ದಕ್ಕೆ ನನ್ನಲ್ಲಿ ಮಾತು ಬಿಟ್ಟಿದ್ದಳು. ಅವಳ ಕಿಟಕಿಯ ದಂಡೆಯಲ್ಲಿ ಕಲ್ಲುಗಳ ಸಾಲೇ ಉಂಟು. ಧೂಳು ಒರೆಸುವುದು ಮಾತ್ರ ನಾನು.

"ಎಲ್ಲಿಂದ ತಂದದ್ದು?" ಎಂದೆ.

"ಇಲ್ಲೇ ಅಜ್ಜಿ, ನಮ್ಮ ಹಿಂದಿನ ಗುಡ್ಡೆ. ಮಣಿಪಾಲಕ್ಕೆ ಹೋಗುವ ರಸ್ತೆಗೆ ಜೆಸಿಬಿಯಲ್ಲಿ ಕಡಿದಿದ್ದಾರಲ್ವಾ? ಮೇಲೆ ಕೆಂಪು ಕಲ್ಲು, ಅಡಿಯಲ್ಲಿ ಇದು. ಆದ್ರೆ ಹೊರಗಿನದ್ದರಲ್ಲಿ ಕೆಂಪು ಬೆರಕೆ ಉಂಟು. ಒಳಗಿನದ್ದು ಬೇಕು. ನಾಳೆ ಹೋಗ್ತೇನೆ."

ಒಳಗಿನದ್ದು ಬೇಕು.

ನನ್ನ ತವರು ಕಾರ್ಕಳದ ಕಡೆ. ದೀಪಾವಳಿಗೆ ಮೊದಲು ಹೆಂಗಸರೆಲ್ಲ ಬುಟ್ಟಿ ಹಿಡಿದು ಶೇಡಿ ತರಲು ಹೋಗುವುದು. ಗೋಡೆಗೆ, ತುಳಸಿಕಟ್ಟೆಗೆ ಬಳಿಯಲು ಅದೇ. ಗುಡ್ಡೆಯ ಮೇಲಿನ ಕೆಂಪು ಕಲ್ಲು ಜಾಗದ ಧಣಿಯದ್ದು, ಮನೆ ಕಟ್ಟುವ ಕಲ್ಲು; ಮುಟ್ಟುವಂತಿಲ್ಲ. ಅಡಿಯ ಮಣ್ಣನ್ನು ಕೇಳುವವರಿಲ್ಲ. ಹೊರಗಿನದ್ದು ಹಳದಿ, ಬೆಳ್ಳಗಿನದ್ದು ಒಳಗೆ. ವರ್ಷ ವರ್ಷ ಕೆರೆದು ಕೆರೆದು ಅಲ್ಲಿ ಗುಹೆಯೇ ಆಗಿತ್ತು. ಮೇಲೆ ಕಲ್ಲು ಮನೆಯ ಮಾಡಿನ ಹಾಗೆ ಚಾಚಿಕೊಂಡಿತ್ತು. ಯಾರ ಮನೆಯ ಗೋಡೆ ಹೆಚ್ಚು ಬಿಳಿ ಎಂಬ ಜಂಬ ಬೇರೆ. ಬುದ್ಧಿ ಇತ್ತಾ ನಮಗೆ? ಇರಲಿಲ್ಲ.

ನನ್ನ ಮದುವೆಗೆ ಮೊದಲಿನ ಒಂದು ವರ್ಷ ಅಣ್ಣನ ಹೆಂಡತಿ ಕಮಲತ್ತಿಗೆ ಒಳಗೆ ನುಗ್ಗಿದ್ದರು. ನಾನು ಗುಹೆಯ ಬಾಯಲ್ಲಿ ನಿಂತು ಬುಟ್ಟಿ ತೆಗೆದುಕೊಳ್ಳುವವಳು. ಹಿಂದಿನ ದಿನ ಮಳೆ ಬಂದಿತ್ತು.

"ಅತ್ತಿಗೆ, ಹೊರಗೆ ಬನ್ನಿ. ಮೇಲಿನಿಂದ ಪುಡಿ ಬೀಳ್ತಾ ಉಂಟು."

"ಪುಡಿಗೆ ಹೆದರುವವಳನ್ನು ಯಾರು ಮದುವೆ ಆಗ್ತಾರೆ ಮಾರಾಯ್ತಿ? ತಕ್ಕೊ ಬುಟ್ಟಿ. ಇನ್ನೊಂದೇ ಹಿಡಿ. ಹಾಲಿನ ಹಾಗೆ ಉಂಟು!"

ದೊಡ್ಡ ಸದ್ದೇನೂ ಆಗಲಿಲ್ಲ. ತೌಡಿನ ಮೂಟೆ ನೆಲಕ್ಕೆ ಹಾಕಿದ ಹಾಗೆ, ಅಷ್ಟೇ. ಗುಹೆ ಇದ್ದಲ್ಲಿ ಗುಹೆ ಇಲ್ಲ. ಗಂಡಸರು ಪಿಕಾಸಿ ತಂದು ಅಗೆದು ತೆಗೆಯುವಾಗ ಜೀವ ಇರಲಿಲ್ಲ. ಕೂದಲೆಲ್ಲ ಬೆಳ್ಳಗೆ, ಮುದುಕಿಯ ಹಾಗೆ. ಅವರಿಗೆ ಆಗ ಈಗಿನ ಅಶ್ವಿತಾಳ ಪ್ರಾಯ.

ದೈವಕ್ಕೆ ಕೋಪ ಬಂತು ಎಂದರು ಊರಿನವರು. ತಂಬಿಲದ ಪೂಜೆ ಕೊಟ್ಟದ್ದೂ ಆಯಿತು. ನಾನೂ ಹಾಗೆಯೇ ನಂಬಿದ್ದೆ. ಆದರೆ ಮತ್ತೆ ಶೇಡಿ ಮುಟ್ಟಲಿಲ್ಲ. ಈ ಮನೆಗೆ ಮದುವೆಯಾಗಿ ಬಂದ ಮೇಲೂ ಸುಣ್ಣವೇ.

ಇಷ್ಟನ್ನೂ ಅಶ್ವಿತಾಳಿಗೆ ಹೇಳಿದೆ. ಅವಳು ಡಬ್ಬಿಯಿಂದ ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಹಿಸುಕಿದಳು.

"ದೈವ ಅಲ್ಲ ಅಜ್ಜಿ. ನೀರು. ಕೆಂಪು ಕಲ್ಲಿನ ತೂತುಗಳಲ್ಲಿ ಇಳಿದು ಬಂದ ನೀರು ಶೇಡಿಯಲ್ಲಿ ನಿಲ್ತದೆ. ಆಮೇಲೆ ಅದು ಮಣ್ಣಲ್ಲ, ಗಂಜಿ. ಕಾಪುವಿನಿಂದ ಕಾರ್ಕಳದವರೆಗೆ ಎಷ್ಟೋ ಕಡೆ ನಮ್ಮ ಕಾಲಡಿಯಲ್ಲಿ ಇದೇ ಇರುವುದು."

ನಾನು ಬಟ್ಟಲು ದೂಡಿದೆ. ದೈವವಾದರೆ ಹರಕೆ ಹೇಳಿಕೊಳ್ಳಬಹುದು. ನೀರಿಗೆ ಎಂತ ಹೇಳುವುದು?

"ಇಷ್ಟು ಗೊತ್ತಿದ್ದೂ ಹೋಗ್ತೀಯಾ?"

"ಹೆಲ್ಮೆಟ್ ಉಂಟಲ್ವಾ."

"ಹೌದು. ತಲೆಯೊಂದು ಸರಿಯಾಗಿ ಸಿಗಬಹುದು."

ಮರುದಿನ ಬೆಳಿಗ್ಗೆ ಹನಿ ಬಿದ್ದು ನಿಂತಿತ್ತು. ಅವಳು ಹೊರಟಳು. ಕೊಡೆ ಊರಿಕೊಂಡು ನಾನೂ ಹಿಂದೆಯೇ ಹೋದೆ. ಅಲ್ಲಿ ಮೇಲೆ ಕೆಂಪು, ಕೆಳಗೆ ಬಿಳಿ. ಬಿಳಿಯ ಮೇಲೆ ಜೆಸಿಬಿಯ ಹಲ್ಲಿನ ಗುರುತು. ಕಲ್ಲು ಮುಂದೆ ಚಾಚಿಕೊಂಡಿತ್ತು. ಅದರ ಅಡಿಯಲ್ಲಿ ಬಗ್ಗಿ, ಸುತ್ತಿಗೆ ಹಿಡಿದು ನನ್ನ ಮೊಮ್ಮಗಳು ಕೆರೆಯುತ್ತಿದ್ದಾಳೆ. ಅವಳ ಹೆಲ್ಮೆಟ್ಟಿನ ಮೇಲೆ ಒಂದು ಚಿಟಿಕೆ ಪುಡಿ ಬಿತ್ತು.

"ಬಾ ಹೊರಗೆ!"

"ಬಂದೆ ಅಜ್ಜಿ, ಇನ್ನೊಂದೇ ಸ್ವಲ್ಪ."

ಅಂದು ಅತ್ತಿಗೆಯನ್ನು ಬಾಯಿಮಾತಲ್ಲಿ ಕರೆದು ಸುಮ್ಮನಾಗಿದ್ದೆ. ಈ ಸಲ ಕಲ್ಲಿನಡಿಗೆ ನಾನೇ ನುಗ್ಗಿ ಅವಳ ಬ್ಯಾಗಿನ ಪಟ್ಟಿ ಹಿಡಿದು ಎಳೆದೆ. ಇಬ್ಬರೂ ರಸ್ತೆಯ ಕೆಸರಿನಲ್ಲಿ ಕುಕ್ಕರಿಸಿದೆವು. ಸೊಂಟ ಇನ್ನೂ ನೋಯುತ್ತದೆ.

"ಸ್ಯಾಂಪಲ್ ಎಲ್ಲ ಚೆಲ್ಲಿ ಹೋಯ್ತು! ಮರ್ಲಾ ನಿಮಗೆ?" ಎಂದು ಕಿರುಚಿದಳು. ಹುಚ್ಚಾ ಎಂದು ಕೇಳುವುದು ಹಾಗೆ, ನಮ್ಮ ತುಳುವಿನಲ್ಲಿ.

ನಾವು ಗುಡ್ಡೆಯನ್ನೇ ನೋಡುತ್ತಾ ಕೂತೆವು. ಬೀಳಲಿಲ್ಲ. ಇವತ್ತಿಗೂ ಬಿದ್ದಿಲ್ಲ. ಅಜ್ಜಿಗೆ ಅರಳು ಮರಳು ಎಂದು ಮನೆಯವರೆಲ್ಲ ನಗುತ್ತಾರೆ. ನಗಲಿ. ಮಳೆ ಜೋರಾದಾಗಲೆಲ್ಲ ನನ್ನ ಕಿವಿ ಮಾತ್ರ ಹಿತ್ತಿಲಿನ ಕಡೆಗೇ.

ನಿನ್ನೆ ಅಶ್ವಿತಾ ಮತ್ತೆ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು. ಸಿಟ್ಟಿಗೆ ಮುಖ ಇನ್ನೂ ದಪ್ಪವೇ.

"ಹೊರಗಿನದ್ದೇ. ರಸ್ತೆ ಬದಿಯಲ್ಲಿ ಬಿದ್ದದ್ದು. ನೋಡಿಕೊಳ್ಳಿ."

ಬೆರಳು ಹಾಕಿ ನೋಡಿದೆ. ಹಳದಿ, ಕೆಂಪು, ಎಲ್ಲ ಬೆರಕೆ. ಇಷ್ಟು ಒಳ್ಳೆಯ ಮಣ್ಣನ್ನು ನಾನು ಕಂಡದ್ದಿಲ್ಲ.