ನನಗಿಲ್ಲದ ಬೆನ್ನುನೋವು

ನಲವತ್ತಾರನೇ ವಯಸ್ಸಿಗೆ ನಾನು ಬಿ.ಎ. ಸೇರಿದೆ. ಬ್ಯಾಡಗಿಯಲ್ಲಿ ನಮ್ಮದು ಪೈಪು, ಪಂಪ್‌ಸೆಟ್ಟಿನ ಅಂಗಡಿ. ಪಿಯುಸಿ ಮುಗಿದ ವರ್ಷವೇ ಮದುವೆಯಾಗಿ ಬಂದವಳು, ಮನೆ ಮತ್ತು ಮಾವನವರ ಆರೈಕೆಯಲ್ಲೇ ವರ್ಷಗಳನ್ನು ಕಳೆದು, ಅವರು ತೀರಿದ ಮೇಲೆ ಹಾವೇರಿಯ ಕಾಲೇಜಿಗೆ ಅರ್ಜಿ ಹಾಕಿದೆ. ಗಂಡ ಬೇಡ ಅನ್ನಲಿಲ್ಲ. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡುತ್ತಿದ್ದರು. ಕ್ಲಾಸಿನ ಹುಡುಗಿಯರ ಮುಂದೆ ಅವರನ್ನು ಹೊಗಳಿದ್ದೇ ಹೊಗಳಿದ್ದು. “ಅಂಥವ್ರು ಸಿಗಬೇಕ್ರಿ ಆಂಟಿ” ಎಂದು ಆ ಹುಡುಗಿಯರು ಅಂದರೆ ಉಬ್ಬಿಹೋಗುತ್ತಿದ್ದೆ.

ಓದು ಸಲೀಸಾಗಿ ಬರಲಿಲ್ಲ. ಅರ್ಥಶಾಸ್ತ್ರದ ಒಂದೊಂದು ರೇಖಾಚಿತ್ರವನ್ನೂ ನಾಲ್ಕು ಸಲ ಅಳಿಸಿ ಬರೆಯುತ್ತಿದ್ದೆ. ಒಲೆಯ ಪಕ್ಕ ಪುಸ್ತಕ ಇಟ್ಟುಕೊಂಡು ಎರಡು ಸಲ ಅನ್ನ ಸೀಯಿಸಿದೆ. ಆದರೂ ಒಂದು ಸಮಾಧಾನವಿತ್ತು. ಬಳಗದಲ್ಲಿ ನನ್ನ ಬೆಲೆ ಏರಿತ್ತು, ಅಥವಾ ನಾನು ಹಾಗೆ ತಿಳಿದಿದ್ದೆ. ಯಾರ ಮನೆಯ ಕಾರ್ಯಕ್ಕೆ ಹೋದರೂ ಹೆಂಗಸರು ನನಗೆ ಕುರ್ಚಿ ತಂದು ಹಾಕುತ್ತಿದ್ದರು. ಮೊದಲು ನಾನೇ ಹೊತ್ತು ತಿರುಗುತ್ತಿದ್ದ ಅನ್ನದ ಬೋಗುಣಿಯನ್ನು ಮುಟ್ಟಗೊಡುತ್ತಿರಲಿಲ್ಲ. “ನೀವು ಕುಂದ್ರಿ, ನಾವು ಅದೇವಲ್ಲ” ಅನ್ನುತ್ತಿದ್ದರು. ಓದಿನ ಮಾತು ನಾನಾಗಿ ಎತ್ತಿದರೆ ಜಂಬ ಅಂದುಕೊಂಡಾರು ಎಂದು ನಾನೂ ಎತ್ತುತ್ತಿರಲಿಲ್ಲ. ನಾಲ್ಕು ಅಕ್ಷರ ಹೆಚ್ಚು ಕಲಿತರೆ ಮಂದಿ ಹೇಗೆ ಮರ್ಯಾದೆ ಕೊಡುತ್ತಾರೆ ನೋಡು ಎಂದುಕೊಂಡು ಸೆರಗು ಸರಿಮಾಡಿಕೊಂಡು ಕೂರುತ್ತಿದ್ದೆ. ಎಂಥ ಪೆದ್ದಿ ನಾನು.

ಕೊನೆಯ ವರ್ಷ ರಾಣೆಬೆನ್ನೂರಿನಲ್ಲಿ ಬಳಗದ ಮಗುವಿಗೆ ಹೆಸರಿಡುವ ಕಾರ್ಯವಿತ್ತು. ಗಂಡನ ಸೋದರತ್ತೆ ಇರುವುದು ಆ ಊರಿನಲ್ಲೇ. ತಾಯಿಯಿಲ್ಲದ ನನ್ನ ಗಂಡನನ್ನು ಸಾಕಿ ಬೆಳೆಸಿದವರು; ನನ್ನನ್ನೂ ಮಗಳಂತೆಯೇ ನೋಡುತ್ತಿದ್ದರು. ಅವತ್ತು ನನ್ನ ಕುರ್ಚಿಯ ಪಕ್ಕ ಬಂದು ಕೂತು, ಸೆರಗಿನ ಗಂಟು ಬಿಚ್ಚಿ, ದೇವರಗುಡ್ಡದ ಗುಡಿಯಿಂದ ತಂದ ಅರಿಶಿನದ ಭಂಡಾರವನ್ನು ನನ್ನ ಹಣೆಗೆ ಹಚ್ಚಿದರು. ಆಮೇಲೆ ನನ್ನ ಬೆನ್ನು ಸವರಿದರು.

“ದಿನಾ ಬೆನ್ನಿಗೆ ಕರೆಂಟ್ ಕೊಡ್ತಾರಂತಲ್ಲವಾ, ಭಾಳ ನೋವಾಗತೈತೇನ? ಹಾವೇರಿ ಡಾಕ್ಟರ್ ಏನಂತಾರ? ಹಾಸಿಗಿ ಹಿಡಿಯಂಗಿಲ್ಲಲ್ಲ?”

ಯಾವ ಕರೆಂಟು, ಯಾವ ಡಾಕ್ಟರು? ಎದುರಿಗೆ ನಿಂತಿದ್ದ ಗಂಡನ ಮುಖ ನೋಡಿದೆ. ಅವರು ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದರು. ಆಗ ಎಲ್ಲವೂ ತಿಳಿಯಿತು. ಎರಡೂವರೆ ವರ್ಷದಿಂದ ಇಡೀ ಬಳಗದ ಪಾಲಿಗೆ ನಾನು ಹೋಗುತ್ತಿದ್ದುದು ಕಾಲೇಜಿಗಲ್ಲ, ಬೆನ್ನಿನ ನರ ಸರಿಮಾಡಿಸಿಕೊಳ್ಳಲು ಆಸ್ಪತ್ರೆಗೆ. ಆಕೆಯ ಮುಂದೆ ಮಾತ್ರ ಕೇಳಬೇಡಿ, ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು ಗಂಡ ತಾಕೀತು ಬೇರೆ ಮಾಡಿದ್ದರೆಂದು ಆಮೇಲೆ ತಿಳಿಯಿತು; ಅತ್ತೆಗೆ ಮಾತ್ರ ಕೇಳದೆ ಇರಲಾಗಲಿಲ್ಲ. ಆ ಕುರ್ಚಿಗಳೆಲ್ಲ ಬಂದದ್ದು ರೋಗಿಗೆ.

ಅಲ್ಲೇ ಎದ್ದು ನಿಂತು ಎಲ್ಲರ ಮುಂದೆ ಹೇಳಬೇಕಿತ್ತು. ಹೇಳಲಿಲ್ಲ. ತುಂಬಿದ ಮನೆಯಲ್ಲಿ ಗಂಡನ ಮಾನ ಹೋಗುತ್ತದೆ ಎನ್ನಿಸಿ, ಅತ್ತೆಯ ಕೈ ಹಿಡಿದುಕೊಂಡು, “ಈಗ ಪರವಾಗಿಲ್ರಿ ಅತ್ತಿ, ಗುಣ ಆಗಾಕತ್ತೈತಿ” ಎಂದುಬಿಟ್ಟೆ.

ಮರಳಿ ಬರುವಾಗ ಬಸ್ಸಿನಲ್ಲಿ ಗಂಡನನ್ನು ಕೇಳಿದೆ. “ಯಾಕ ಹಂಗ ಹೇಳಿದ್ರಿ?”

“ಮತ್ತೇನ ಹೇಳಬೇಕಿತ್ತು? ಈ ವಯಸ್ಸಿಗೆ ಹೆಂಡ್ತಿ ಪಾಟೀಚೀಲ ಹಾಕ್ಕೊಂಡು ಹುಡುಗರ ಜೋಡಿ ಕುಂದ್ರತಾಳ ಅಂದ್ರ ಮಂದಿ ನಗ್ತಾರ. ಬೆನ್ನುನೋವು ಅಂದ್ರ ಯಾರೂ ನಗಂಗಿಲ್ಲ. ಇನ್ನೇನ, ಆರು ತಿಂಗಳು. ಕಾಲೇಜ್ ಮುಗಿದ ಮ್ಯಾಲೆ ಆರಾಮ ಆದ್ಲು ಅಂದ್ರಾತು.”

ಎಷ್ಟು ಸಲೀಸಾಗಿ ಹೇಳಿದರು. ಓದುವುದು ಬೇಡ ಎಂದು ಅಡ್ಡಗಟ್ಟಿದ್ದರೆ ಜಗಳ ಮಾಡಿ ಗೆಲ್ಲುತ್ತಿದ್ದೆ. ದಿನಾ ಬಸ್ ಹತ್ತಿಸಿ ಕೈಬೀಸಿ, ಅಂಗಡಿಗೆ ಹೋಗಿ ನನ್ನನ್ನು ರೋಗಿ ಮಾಡುತ್ತಿದ್ದ ಮನುಷ್ಯನ ಜೊತೆ ಏನು ಜಗಳ ಮಾಡುವುದು? ಮರುದಿನದಿಂದ ಬಸ್‌ಸ್ಟ್ಯಾಂಡಿಗೆ ನಡೆದೇ ಹೋದೆ. ಪುಸ್ತಕ ತೆರೆದರೆ ಒಂದು ಸಾಲೂ ತಲೆಗೆ ಹತ್ತುತ್ತಿರಲಿಲ್ಲ. ನಾನು ಓದುತ್ತಿದ್ದೇನೆ ಎಂಬುದು ಬಳಗದಲ್ಲಿ ಒಬ್ಬರಿಗಾದರೂ ಗೊತ್ತಾಗಬೇಕು, ಇಲ್ಲದಿದ್ದರೆ ಈ ಡಿಗ್ರಿ ತೆಗೆದುಕೊಂಡು ಏನು ಮಾಡಲಿ ಎನ್ನಿಸಿತು.

ಪರೀಕ್ಷೆಗೆ ಮೊದಲಿನ ಭಾನುವಾರ ಒಬ್ಬಳೇ ರಾಣೆಬೆನ್ನೂರಿಗೆ ಹೋದೆ. ಅತ್ತೆಯ ಬಾಯಿಂದ ಗಂಡನಿಗೆ ಚೆನ್ನಾಗಿ ಬೈಸಬೇಕು ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಅತ್ತೆ ಒಂದೇ ಲೋಟ ಚಹಾ ತಂದರು. ನಿಮಗೆ ಎಲ್ಲಿ ಎಂದು ಕೇಳಿದೆ.

“ನಾ ಬಿಟ್ಟೇನವಾ. ನಿನ್ನ ಬೆನ್ನು ನೆಟ್ಟಗಾಗೂತನಕ ಚಾ ಮುಟ್ಟಂಗಿಲ್ಲ ಅಂತ ಬೇಡಿಕೊಂಡೇನಿ. ಎರಡು ವರ್ಷ ಆತು.”

ಕೈಗೆತ್ತಿಕೊಂಡ ಲೋಟವನ್ನು ಕೆಳಗಿಟ್ಟೆ. ಹೇಗೋ ಎಲ್ಲವನ್ನೂ ಹೇಳಿದೆ. ಕಾಲೇಜು, ಗಂಡನ ಸುಳ್ಳು, ಬರುವ ವಾರದ ಪರೀಕ್ಷೆ. ಹೇಳಿ ಮುಗಿಸಿ, ನನ್ನ ಪರವಾಗಿ ಒಂದು ಮಾತು ಬಂದೀತೆಂದು ಕಾದೆ.

“ಅವಂದು ಬಿಡು, ಮಂದಿಗೆ ಅಂಜಿದಾ,” ಅಂದರು. “ಅವತ್ತ ನಾ ಕೇಳಿದ್ದು ನಿನ್ನ. ನನ್ನ ಕೈ ಹಿಡಕೊಂಡು ಗುಣ ಆಗಾಕತ್ತೈತಿ ಅಂದಿ. ಆ ಮಾತು ನಂಬಿ ಮರುದಿನ ದೇವರಗುಡ್ಡಕ್ಕ ನಡಕೋತ ಹೋಗಿ ಕಾಯಿ ಒಡಿಸಿಕೊಂಡು ಬಂದೆ.”

ಚಹಾ ಮುಂದಿಟ್ಟುಕೊಂಡು ಕೂತೇ ಇದ್ದೆ.

“ಓದಾಕತ್ತೇನಿ ಅಂದಿದ್ರ,” ಅತ್ತೆ ಒಳಗೆ ಹೋಗುತ್ತ ಹೇಳಿದರು, “ಅದಕ್ಕೂ ಬೇಡಿಕೊಂತಿದ್ದೆ.”