ಹಮೀದಾ ಬೇಗಂ ನುಂಗಿಕೊಂಡ ಮಾತು

ಶಿಡ್ಲಘಟ್ಟದಲ್ಲಿ ಹಮೀದಾ ಬೇಗಂ ಪುಣ್ಯವಂತೆ ಎನ್ನುವವರು ಬಹಳ ಜನ. ಎರಡು ಕೋಣೆಯ ಹೆಂಚಿನ ಮನೆಯಲ್ಲಿ ಇಪ್ಪತ್ತು ಮೂವತ್ತು ಬೀದಿ ಬೆಕ್ಕು ಸಾಕಿದವಳನ್ನು ಇನ್ನೇನೆಂದು ಕರೆಯುತ್ತಾರೆ, ಪಾಪ! ಆ ಬೆಕ್ಕಿನ ಮನೆ ಪುಣ್ಯಕ್ಕೆ ಹುಟ್ಟಿದ್ದಲ್ಲ, ಅಪ್ಪಟ ಹಗೆಗೆ ಹುಟ್ಟಿದ್ದು.

ಎಂಬತ್ತೇಳನೇ ಇಸವಿಯ ಮಾತು. ಗಂಡ ದಸ್ತಗಿರ್ ತೀರಿಕೊಂಡ ಮೇಲೆ ಹಮೀದಾ ಗಂಗುಲಪ್ಪನ ಕಾರ್ಖಾನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದಳು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿದೂ ಹಿಡಿದೂ ಅವಳ ಬೆರಳ ತುದಿಗಳು ಸದಾ ಬಿಳಿಚಿಕೊಂಡಿರುತ್ತಿದ್ದವು. ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳವನ್ನು ಕೋಳಿ ಮೇವಿಗೆಂದು ಹಿತ್ತಲಲ್ಲಿ ಒಣಹಾಕುತ್ತಿದ್ದರು. ಅದರ ವಾಸನೆಗೆ ಓಣಿಯ ಬೆಕ್ಕುಗಳೆಲ್ಲ ಬಂದು ಸೇರುತ್ತಿದ್ದವು. ಅವುಗಳಲ್ಲಿ ಕಿವಿ ಹರಿದ ಒಂದು ಬೂದು ಬೆಕ್ಕಿಗೆ ಹಮೀದಾ ಮೋತಿ ಎಂದು ಹೆಸರಿಟ್ಟಿದ್ದಳು. ಸಂಜೆ ಅದು ಅವಳ ಹಿಂದೆಯೇ ಮನೆಗೆ ಬರುತ್ತಿತ್ತು. ಗಂಡನಿಲ್ಲದ ಮನೆಯಲ್ಲಿ ಅವಳು ಬಾಯಿಬಿಟ್ಟು ಮಾತಾಡುತ್ತಿದ್ದುದು ಅದೊಂದರ ಜೊತೆಗೇ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೋದರೆ ಆರು ಬೆಕ್ಕು ಹಿತ್ತಲಲ್ಲಿ ಸೆಟೆದು ಬಿದ್ದಿದ್ದವು. ಮೋತಿಯೂ ಇತ್ತು. ಗಂಗುಲಪ್ಪ ಹುಳಕ್ಕೆ ವಿಷದ ಪುಡಿ ಬೆರೆಸಿಟ್ಟಿದ್ದ.

"ಏನ್ ಗಂಗುಲಪ್ಪನೋರೇ ಇದು? ಬಾಯಿಲ್ದಿರೋ ಜೀವ ಕಣ್ರೀ!"

"ಕದ್ದು ತಿನ್ನೋಕೆ ಬಾಯಿ ಇತ್ತಲ್ಲಮ್ಮ? ಎತ್ತಿ ಚರಂಡಿಗೆ ಹಾಕ್ಬಿಟ್ಟು ಕೆಲ್ಸಕ್ಕೆ ಕೂತ್ಕೋ ಹೋಗು," ಎಂದು ಅವನು ನಕ್ಕ.

ಆ ನಗುವನ್ನು ಅವಳು ಸಾಯುವವರೆಗೂ ಮರೆಯುವವಳಲ್ಲ. ಮೋತಿಯನ್ನು ಸೆರಗಿನಲ್ಲಿ ಸುತ್ತಿ ತನ್ನ ಮನೆಯ ನುಗ್ಗೆ ಮರದ ಬುಡದಲ್ಲಿ ಹೂತು ಬಂದಳು. ಪಕ್ಕದಲ್ಲಿ ಕೂತು ನೂಲು ತೆಗೆಯುತ್ತಿದ್ದ ಕೊಂಡಮ್ಮ ಸಮಾಧಾನಕ್ಕೆ, "ಬೆಕ್ಕು ಕೊಂದೋನು ಕಾಶಿಗೋಗಿ ಚಿನ್ನದ ಬೆಕ್ಕು ದಾನ ಕೊಡಬೇಕಂತೆ ಬಿಡಮ್ಮ," ಎಂದಳು.

"ಕಾಶಿವರ್ಗೂ ಯಾಕೆ ಹೋಗ್ಬೇಕು? ಇಲ್ಲೇ ಕೊಡಿಸ್ತೀನಿ," ಎಂದಳು ಹಮೀದಾ.

ಅವಳ ಲೆಕ್ಕಾಚಾರ ಸುಲಭದ್ದು. ಗಂಗುಲಪ್ಪನ ಓಣಿಯಲ್ಲಿ ಬೆಕ್ಕಿನ ಮೀಸೆಯೂ ಕಾಣಬಾರದು, ಅವನ ಗೂಡಿನ ಕೋಣೆಯನ್ನು ಇಲಿಗಳು ಆಳಬೇಕು. ಒಣಮೀನಿನ ತುಂಡು ತೋರಿಸಿ ಒಂದೊಂದನ್ನೇ ಗೋಣಿಚೀಲಕ್ಕೆ ಇಳಿಸಿಕೊಂಡು ಮನೆಗೆ ತಂದಳು. ಹುಳ ಸಾಕುವವರು ಎಸೆದ ಹಳೆಯ ಬಿದಿರು ತಟ್ಟೆಗಳೇ ಹಾಸಿಗೆ, ಕಸಾಯಿ ಅಂಗಡಿಯವನು ಬಿಸಾಡುವ ಚೂರುಪಾರೇ ಊಟ. ಕಾಡುಬೆಕ್ಕಿನಂಥ ಒಂದು ಗಂಡು ಅವಳ ಮೊಣಕೈವರೆಗೆ ಪರಚಿತು. ಅದನ್ನು ಬೈದುಕೊಂಡೇ ಅದರ ಕಾಲಿನ ಹುಣ್ಣಿಗೆ ಅರಿಶಿನ ಮೆತ್ತಿದಳು. "ಮನೆಯೆಲ್ಲ ಗಬ್ಬು," ಎಂದು ಮೂಗು ಮುರಿದ ನೆರೆಯವರಿಗೆ, "ಬೆಕ್ಕು ಬಾಯಿಟ್ಟಿದ್ದು ನಾಪಾಕ್ ಅಲ್ಲಮ್ಮ, ಮೈಲಿಗೆ ಆಗಲ್ಲ, ಮನುಷ್ಯರು ಬಾಯಿಟ್ಟಿದ್ದೇ ಕಷ್ಟ," ಎಂದಳು. ಮೂರು ತಿಂಗಳಿಗೆ ಹತ್ತೊಂಬತ್ತಾದವು.

ಇತ್ತ ಇಲಿಗಳಿಗೆ ಸುಗ್ಗಿ. ಒಳಗಿನ ಹುಳದ ಆಸೆಗೆ ಗೂಡುಗಳನ್ನು ತೂತು ಕೊರೆದವು. ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಹಮೀದಾ ಅಂಥದೊಂದನ್ನು ಎತ್ತಿ ಹಿಡಿದು, "ಇಲಿ ಕಡ್ದೈತೆ ಗಂಗುಲಪ್ಪನೋರೇ, ಎಳೆ ಸಿಗಲ್ಲ," ಎಂದು ದಿನಕ್ಕೆ ಹತ್ತು ಸಲ ಕೂಗುತ್ತಿದ್ದಳು. ಹಾಗೆ ಕೂಗುವುದು ಅವಳಿಗೆ ಹಬ್ಬದ ಶೀರ್ ಖುರ್ಮಾದಷ್ಟು ಸಿಹಿ.

ಗಂಗುಲಪ್ಪ ಮತ್ತೆ ಅದೇ ವಿಷದ ಪುಡಿ ತಂದ, ಈ ಸಲ ಇಲಿಗೆ. ಅಂದು ಜಂಗಮಕೋಟೆಯಿಂದ ಅವನ ಅಣ್ಣನ ಮನೆಯ ಗಾಡಿ ಒಲೆಗೆ ಸೌದೆ ತಂದಿತ್ತು. ಸೌದೆಯ ಮೇಲೆ ಸೊಪ್ಪು ತುಂಬುವ ಒಂದು ಖಾಲಿ ಮಂಕರಿ, ಬಿದಿರಿನ ದೊಡ್ಡ ಬುಟ್ಟಿ. ಅಲ್ಲಿ ಅವನ ಅತ್ತಿಗೆ ಅಕ್ಕಯ್ಯಮ್ಮ ರೇಷ್ಮೆ ಹುಳ ಸಾಕುತ್ತಿದ್ದಳು. ಹುಳ ಪೊರೆ ಕಳಚುವ ನಾಲ್ಕನೇ ಜ್ವರ ಕಳೆದೆದ್ದು ಹಗಲಿರುಳೂ ಹಿಪ್ಪುನೇರಳೆ ಸೊಪ್ಪು ಮುಕ್ಕುವ ಸಮಯ. ಗಂಗುಲಪ್ಪ ಆ ಮಂಕರಿಯಲ್ಲೇ ಕಡಲೆಪುರಿಗೆ ವಿಷ ಕಲಸಿ, ಮೂಲೆಮೂಲೆಗೆ ಚೆಲ್ಲಿ, ಕೊಡವಿ ಮತ್ತೆ ಗಾಡಿಗೆ ಎಸೆದ. ಅವನು ಹಳ್ಳಿ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ನೂಲು ಗೊತ್ತಿತ್ತು, ಹುಳ ಮರೆತಿತ್ತು.

ಕೂತಲ್ಲಿಂದಲೇ ಎಲ್ಲವನ್ನೂ ನೋಡಿದ ಹಮೀದಾ ಮರೆತಿರಲಿಲ್ಲ. ಬೀಡಿ ಸೇದಿದ ಕೈ ತೊಳೆಯದವರನ್ನು ಹುಳದ ಮನೆಯ ಹೊಸಿಲು ದಾಟಲು ಬಿಡುವುದಿಲ್ಲ. ಅಂಥ ಸೂಕ್ಷ್ಮದ ಜೀವ. ನಾಳೆ ಆ ಮಂಕರಿಯಲ್ಲಿ ಸೊಪ್ಪು ತುಂಬುತ್ತಾರೆ. ಗಾಡಿಯ ಮುನಿಗಂಗಪ್ಪ ಎತ್ತು ಹೂಡುತ್ತಿದ್ದ. 'ಆ ಮಂಕರಿ ಬೇಡಪ್ಪ' ಎಂಬ ಮೂರೇ ಮಾತು ಅವಳ ನಾಲಿಗೆ ತುದಿಯಲ್ಲಿತ್ತು. ಗಂಗುಲಪ್ಪನ ನಗು ನೆನಪಾಯಿತು. ಮಾತನ್ನು ನುಂಗಿಕೊಂಡು ಎಳೆ ಹಿಡಿದಳು. ಗಾಡಿ ಹೋಯಿತು.

ಮೂರನೇ ದಿನ ಸುದ್ದಿ ಬಂತು. ಅಷ್ಟೂ ಹುಳ ತಲೆ ಅಲ್ಲಾಡಿಸುತ್ತ ಹಸಿರು ಕಕ್ಕಿ ಸತ್ತಿದ್ದವು. ಅಣ್ಣನ ಬೆಳೆಯೆಲ್ಲ ಹೋಯಿತೆಂದು ಗಂಗುಲಪ್ಪ ತಲೆಗೆ ಟವೆಲ್ ಹೊದ್ದು ಕೂತ. ಹಮೀದಾ ಮನೆಗೆ ಹೋಗಿ ಶ್ಯಾವಿಗೆ ಪಾಯಸ ಮಾಡಿ, ಬೆಕ್ಕುಗಳಿಗೂ ಒಂದೊಂದು ಚಮಚ ಹಾಕಿ, ನುಗ್ಗೆ ಮರದ ಬುಡದಲ್ಲಿ ಕೂತು ತಾನೂ ತಿಂದಳು. ಇಷ್ಟು ಹಗುರಾಗಿ ಅವಳು ಎಂದೂ ಉಸಿರಾಡಿರಲಿಲ್ಲ.

ಮರುದಿನ ಬಾಗಿಲಲ್ಲಿ ಒಬ್ಬ ಹಳ್ಳಿಯ ಹೆಂಗಸು ಮಂಕರಿ ಹಿಡಿದು ನಿಂತಿದ್ದಳು. ಸೊಪ್ಪು ಕಿತ್ತೂ ಕಿತ್ತೂ ಕೈ ಕಪ್ಪಾಗಿತ್ತು, ಕಣ್ಣು ಊದಿತ್ತು.

"ಬೆಕ್ಕು ಸಾಕೋ ಹಮೀದಮ್ಮ ನೀನೇನಾ? ನಾನು ಗಂಗುಲಪ್ಪನ ಅತ್ತಿಗೆ, ಅಕ್ಕಯ್ಯಮ್ಮ. ನಮ್ಮ ಹುಳದ ಮನೇಲಿ ಇಲಿ ಕಾಯ್ತಿದ್ದ ಬೆಕ್ಕೊಂದಿತ್ತು ಕಣಮ್ಮ. ಸತ್ತ ಹುಳ ತಿಂದು ರಾತ್ರಿ ಅದೂ ಹೋಯ್ತು. ಇವು ಅದರ ಮರಿ, ಇನ್ನೂ ಕಣ್ಣೇ ಬಿಟ್ಟಿಲ್ಲ."

ಗಾಡಿಯಲ್ಲಿ ಹೋಗಿದ್ದ ಅದೇ ಮಂಕರಿ. ಒಳಗೆ ಬಟ್ಟೆಯಲ್ಲಿ ಮೂರು ಮರಿಗಳು ಮುಲುಗುತ್ತಿದ್ದವು.

"ಯಾ ಅಲ್ಲಾ! ಆ ಮಂಕ್ರೀಲಿ ಯಾಕಮ್ಮ ಇಟ್ಟೆ!" ಎಂದು ಹಮೀದಾ ಮರಿಗಳನ್ನು ಕಿತ್ತುಕೊಂಡು ಎದೆಗೊತ್ತಿದಳು.

ಅಕ್ಕಯ್ಯಮ್ಮ ಕೈಯಲ್ಲಿದ್ದ ಮಂಕರಿ ನೋಡಿದಳು, ಆಮೇಲೆ ಹಮೀದಾಳ ಮುಖ ನೋಡಿದಳು.

"ಮಂಕ್ರಿಗೇನಾಗೈತೆ?"

ಹಮೀದಾ ಎಲ್ಲವನ್ನೂ ಹೇಳಿದಳು. ಅಕ್ಕಯ್ಯಮ್ಮ ಮಂಕರಿಯನ್ನು ಹೊಸಿಲ ಮೇಲೆ ಇಟ್ಟಳು.

"ಹುಳಕ್ಕೆ ವಿಷ ಹಾಕಿದ್ದು ನಮ್ಮ ಮೈದುನ, ತಿಳೀದೆ," ಎಂದಳು. "ಇವುಗಳ ತಾಯಿಗೆ ಹಾಕಿದ್ದು ನೀನಮ್ಮ, ತಿಳಿದೂ."

ಖಾಲಿ ಮಂಕರಿ ಎತ್ತಿಕೊಂಡು ಹೊರಟುಹೋದಳು.

ಬತ್ತಿಯಲ್ಲಿ ಹಾಲು ಹಿಂಡಿ ಹಿಂಡಿ ಸಾಕಿದ ಆ ಮೂರರಲ್ಲಿ ಎರಡು ಉಳಿದವು. ಗಂಗುಲಪ್ಪನ ಹೆಸರೆತ್ತಿದರೆ ಹಮೀದಾಳ ಹೊಟ್ಟೆಯಲ್ಲಿ ಬೆಂಕಿ ಆಮೇಲೂ ಹಾಗೆಯೇ ಉರಿಯುತ್ತಿತ್ತು. ಅದು ಆರಲಿ ಎಂದು ಅವಳು ಬಯಸಲೂ ಇಲ್ಲ. ತೊಂಬತ್ತರ ದಶಕದಲ್ಲಿ ಚಿಂತಾಮಣಿ, ಚಿಕ್ಕಬಳ್ಳಾಪುರದಿಂದಲೂ ಜನ ಅವಳ ಬಾಗಿಲಿಗೆ ಮರಿ ತಂದು ಬಿಡುತ್ತಿದ್ದರು. ಎಲ್ಲಿ ಸಿಕ್ಕಿತು, ಏನು ತಿಂದಿದೆ ಎಂದು ಎಲ್ಲ ಕೇಳುತ್ತಿದ್ದಳು. ತಾಯಿ ಎಲ್ಲಿ ಎಂದು ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ.