ಅಕ್ಕ ಎತ್ತಿ ಕಟ್ಟುತ್ತಿದ್ದ ಗೋಣಿತಟ್ಟು

ನಾನು ಚಿಕ್ಕವನಿದ್ದಾಗ ನಮ್ಮ ಹಿತ್ತಲಲ್ಲಿ ಚೆನ್ನಾಗಿ ಗಾಳಿ ಆಡುವ ಜಾಗ ಉಳ್ಳಾಗಡ್ಡಿಗೆ ಮೀಸಲಾಗಿತ್ತು. ಸವಣೂರಿನ ಕಡೆಯ ಸಣ್ಣ ಊರು ನಮ್ಮದು. ಬೇಸಿಗೆಯಲ್ಲಿ ಬಾವಿ ನೀರಿಗೆ ಬೆಳೆದ ಉಳ್ಳಾಗಡ್ಡಿ ಮಳೆಗಾಲವೆಲ್ಲ ಕೆಡದೆ ಉಳಿಯಬೇಕಿತ್ತು. ಅದಕ್ಕೆ ಅಪ್ಪ ಕಲ್ಲು ನಿಲ್ಲಿಸಿ, ಮೇಲೆ ಬಿದಿರು ಹಾಸಿ, ಸುತ್ತಲೂ ಸಂದು ಬಿಟ್ಟು ಬಿದಿರಿನ ಗೋಡೆ ಹೆಣೆದು, ಹುಲ್ಲು ಹೊದಿಸಿದ ಗೂಡು ಕಟ್ಟಿದ್ದ. “ಕಿತ್ತ ಮ್ಯಾಲೂ ಉಳ್ಳಾಗಡ್ಡಿ ಉಸಿರಾಡತೈತಿ” ಎನ್ನುತ್ತಿದ್ದ. ನಾನು ಸಂದಿಗೆ ಕಿವಿ ಹಚ್ಚಿ ಕೇಳುತ್ತಿದ್ದೆ. ಒಣ ಸಿಪ್ಪೆ ಗಾಳಿಗೆ ಸರಸರ ಎನ್ನುತ್ತಿತ್ತು. ಅದೇ ಉಸಿರು ಅಂದುಕೊಂಡಿದ್ದೆ.

ಗೂಡಿನ ನಾಲ್ಕೂ ಬದಿಗೆ ಗೋಣಿತಟ್ಟಿನ ಪರದೆಗಳಿದ್ದವು. ಅವನ್ನು ನೋಡಿಕೊಳ್ಳುವವಳು ಅಕ್ಕ. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಕೊಂಡಿದ್ದಳು; ನನ್ನನ್ನು ಬೆಳೆಸಿದವಳೂ ಅಕ್ಕನೇ. ಬೆಳಗ್ಗೆ ಎದ್ದವಳೇ ಹಿತ್ತಲಲ್ಲಿ ಗಾಳಿಗೆ ಮುಖ ಒಡ್ಡಿ ನಿಲ್ಲುತ್ತಿದ್ದಳು. ಮಳೆ ಪಡುವಲಿಂದ ಬಡಿದರೆ ಆ ಬದಿಯ ತಟ್ಟು ಇಳಿಸಿ, ಮೂಡಲ ಬದಿಯದನ್ನು ಎತ್ತಿ ಕಟ್ಟುತ್ತಿದ್ದಳು. ಮಳೆ ನಿಂತರೆ ನಾಲ್ಕೂ ಮೇಲೆ. ಅದೂ ಒಂದು ಕೆಲಸ ಎಂದು ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಒಂದು ವರ್ಷ ಬೇಸಿಗೆಯಲ್ಲಿ ಮದುವೆಯಾಗಿ ಅಕ್ಕ ಹಿರೇಕೆರೂರು ಕಡೆ ಹೋದಳು. ಮನೆಯಲ್ಲಿ ಉಳಿದವರು ನಾವಿಬ್ಬರೇ. ಅಪ್ಪನದು ಮೊದಲೇ ಕಡಿಮೆ ಮಾತು. ಜಡಿಮಳೆ ಹಿಡಿದಾಗ ಉಳ್ಳಾಗಡ್ಡಿ ತೋಯದಿರಲಿ ಎಂದು ಅಪ್ಪ ನಾಲ್ಕೂ ತಟ್ಟು ಇಳಿಸಿ ಬಿಗಿಯಾಗಿ ಕಟ್ಟಿದ. ಹಗ್ಗ ಹಿಡಿದುಕೊಟ್ಟವನು ನಾನು. ಒಳಗೆ ಬೆಚ್ಚಗಿದೆ ಎಂದು ಇಬ್ಬರಿಗೂ ಸಮಾಧಾನ.

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಆದರೆ ತವರಿನವರು ಹೋಗಿ ಕರೆಯದೆ ಆಗ ಯಾರೂ ಹೊರಡುತ್ತಿರಲಿಲ್ಲ. ಹಬ್ಬದ ಹಿಂದಿನ ಬೆಳಗ್ಗೆ ಅಪ್ಪ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ, ತೊಳೆದ ಧೋತರ ಉಟ್ಟು ಅಕ್ಕನನ್ನು ಕರೆತರಲು ಹೊರಟ. ಹಿತ್ತಲು ದಾಟುವಾಗ ನಿಂತುಬಿಟ್ಟ. ಹುಳಿ ಹುಳಿಯಾದ ಕೊಳೆತ ವಾಸನೆ. ತಟ್ಟು ಎತ್ತಿದರೆ ಬಿಸಿ ಆವಿ ಮುಖಕ್ಕೆ ಹೊಡೆಯಿತು. ರಾಶಿಯೊಳಗೆ ಹೋದ ಅಪ್ಪನ ಕೈ ಲೋಳೆ ಹತ್ತಿಸಿಕೊಂಡು ಹೊರಬಂತು.

ಪಕ್ಕದ ಮನೆಯ ದೊಡ್ಡವ್ವ ಬೇಲಿಯಾಚೆಯಿಂದ ಕೂಗಿದಳು: “ಅಲ್ಲೋ, ಬಸ್ಸು ಹೋದ ಮ್ಯಾಲೆ ಹೋಗಾಂವೇನು? ಹುಡುಗಿ ಬಾಗಿಲಾಗ ನಿಂತಿರತೈತಿ. ನಿನಗ ಮಗಳಿಗಿಂತ ಉಳ್ಳಾಗಡ್ಡಿ ಹೆಚ್ಚಾತೇನು?”

“ಹೆಂಗ ಹೋಗ್ಲಿ ವೈನಿ? ಇವತ್ತು ಬಿಚ್ಚಿ ಹರವಲಿಲ್ಲಂದ್ರ ನಾಳೆಗೆ ಒಂದೂ ಉಳಿಯಂಗಿಲ್ಲ.”

“ಅಪ್ಪಾ, ನಾ ಹೋಗಿ ಕರಕೊಂಡು ಬರ್ತೇನಿ” ಎಂದೆ.

“ನಿನ್ನ ಹುಡುಕಾಕ ಮತ್ತ ಯಾರನ್ನ ಕಳಸ್ಲೆಪಾ?” ಎಂದು ಅಪ್ಪ ಧೋತರ ಮೇಲೆ ಕಟ್ಟಿದ.

ದಿನವೆಲ್ಲ ರಾಶಿ ಬಿಚ್ಚಿದೆವು. ಕೊಳೆತದ್ದು ತಿಪ್ಪೆಗೆ, ಗಟ್ಟಿಯಿದ್ದದ್ದು ಮನೆಯೊಳಗೆ. ಪಡಸಾಲೆ ತುಂಬಿತು, ನಡುಮನೆ ತುಂಬಿತು. ಕೊನೆಗೆ ಅಕ್ಕ ಮಲಗುತ್ತಿದ್ದ ಮೂಲೆಯಲ್ಲೂ ಹರವಿದೆವು. ಅಕ್ಕ ಬರಬೇಕಿದ್ದ ಸಂಜೆಯ ಬಸ್ಸು ಊರಿಗೆ ಬಂದ ಸದ್ದಾಯಿತು. ಅಪ್ಪನೂ ಕೇಳಿಸಿಕೊಂಡ, ನಾನೂ ಕೇಳಿಸಿಕೊಂಡೆ. ಇಬ್ಬರೂ ತಲೆ ಎತ್ತಲಿಲ್ಲ. ಆಮೇಲೆ ಅಪ್ಪ ಮೂಡಲ ಬದಿಯ ತಟ್ಟು ಎತ್ತಿ ಕಟ್ಟಿದ. ಗೂಡಿನೊಳಗೆ ತಣ್ಣನೆಯ ಗಾಳಿ ಹಾಯಿತು. “ಆಕಿ ಇದನ್ನ ಯಾವಾಗ ಎತ್ತತಿದ್ಲೋ... ನಾ ನೋಡೇ ಇಲ್ಲ” ಎಂದ.

ಮರುದಿನ ಪಂಚಮಿ. ಜೋಕಾಲಿ ಮಳೆಯಲ್ಲಿ ತೊಯ್ದು ತಾನೇ ತೂಗುತ್ತಿತ್ತು. ನಾನು ಏರಲಿಲ್ಲ.

ಆವತ್ತಿನಿಂದ ತಟ್ಟಿನ ಕೆಲಸ ನನ್ನದಾಯಿತು. ಶಾಲೆಯನ್ನು ಬೇಗ ಬಿಟ್ಟೆ, ಈ ಕೆಲಸ ಬಿಡಲಿಲ್ಲ. ನನ್ನ ಕೈಯಲ್ಲಿ ಮತ್ತೆ ರಾಶಿ ಬೆಂದು ಕೊಳೆತದ್ದಿಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ.

ಮಕ್ಕಳೇ, ಈಗ ನಮ್ಮ ಶೆಡ್ಡಿಗೆ ಜಾಲರಿ ಗೋಡೆ, ದೊಡ್ಡ ಫ್ಯಾನು ಬಂದಿವೆ. ಗುಂಡಿ ಒತ್ತಿದರೆ ರಾಶಿಯ ಅಡಿಯಿಂದ ಗಾಳಿ ಏರುತ್ತದೆ. ಹಬ್ಬದ ದಿನ ನೀವೂ ನನ್ನ ಮಗಳಾದ ನಿಮ್ಮವ್ವನೂ ಫೋನಿನಲ್ಲಿ ಮುಖ ತೋರಿಸಿ “ಅಜ್ಜಾ, ಪಂಚಮಿ ಉಂಡಿ ತಿಂದ್ಯೇನು?” ಎನ್ನುತ್ತೀರಿ. ಫೋನು ಇಟ್ಟ ಮೇಲೆ ಹಿತ್ತಲಲ್ಲಿ ಫ್ಯಾನಿನ ಸದ್ದೊಂದೇ. ಅಪ್ಪನಿಗೆ ಆ ಫ್ಯಾನು ಇರಲಿಲ್ಲ, ನನಗಿದೆ. ಅದಕ್ಕೇ ಈ ಪಂಚಮಿಗೆ ಅದನ್ನು ಓಡಲು ಬಿಟ್ಟು, ಮೂಡಲ ಬದಿಯ ಪರದೆ ಎತ್ತಿ ಕಟ್ಟಿ, ನಾನೇ ಬಸ್ಸು ಹತ್ತಿ ಕರೆಯಲು ಬರುತ್ತೇನೆ. ಬಾಗಿಲಲ್ಲಿ ನಿಂತಿರಿ.